ಬೈಪಾಸ್ ಆದಮೇಲೆ ಅಕ್ಕನ ಅಡುಗೆಮನೆ

ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದಾಗ ನಾವೆಲ್ಲ ಖುಷಿಪಟ್ಟಿದ್ದೇ. ಮೂರು ಗಂಟೆಯ ದಾರಿ ಅರ್ಧಕ್ಕೆ ಇಳೀತು ಅಂತ. ಆದರೆ ಬಿಡದಿಯ ತಟ್ಟೆ ಇಡ್ಲಿ ಹೋಟೆಲ್‌ಗಳು, ಚನ್ನಪಟ್ಟಣದ ಗೊಂಬೆ ಅಂಗಡಿಗಳು, ಮದ್ದೂರು ವಡೆ ಮಾರೋರು ಎಲ್ಲ ಹಳೇ ರಸ್ತೆಯಲ್ಲೇ ಉಳಿದುಬಿಟ್ಟರು. ಹೊಸ ರಸ್ತೆ ಆ ಊರುಗಳನ್ನ ಬಳಸಿಕೊಂಡು ಹೋಗುತ್ತೆ. ಇಡ್ಲಿ ರುಚಿ ಕೆಟ್ಟಿರಲಿಲ್ಲ, ಗೊಂಬೆಯ ಬಣ್ಣ ಮಾಸಿರಲಿಲ್ಲ. ಜನ ಬರೋ ದಾರಿ ಮಾತ್ರ ಬದಲಾಗಿತ್ತು.

ಇಂಟರ್ನೆಟ್ಟಿನಲ್ಲೂ ಇಂಥ ಬೈಪಾಸ್‌ಗಳು ಆಗ್ತಾನೇ ಇರುತ್ವೆ. ಆದರೆ ಅಲ್ಲಿ ಜೆಸಿಬಿ ಸದ್ದು ಕೇಳಿಸಲ್ಲ, ಧೂಳೂ ಏಳಲ್ಲ. ರಾತ್ರಿ ಮಲಗುವಾಗ ಅಂಗಡಿ ಮುಖ್ಯರಸ್ತೆಯಲ್ಲಿರುತ್ತೆ, ಬೆಳಿಗ್ಗೆ ಎದ್ದರೆ ಗಲ್ಲಿಯಲ್ಲಿ. ನಮ್ಮಕ್ಕನ ಅಡುಗೆ ವೆಬ್‌ಸೈಟಿಗೆ ಆಗಿದ್ದು ಇದೇ.

ಅಕ್ಕ ಇರೋದು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ. ನಾನು ಬೆಂಗಳೂರಿನ ಪಿಜಿಯಲ್ಲಿದ್ದಾಗ ದಿನಾ ಫೋನ್ ಮಾಡಿ "ಇದನ್ನ ಹೇಗೆ ಮಾಡೋದು, ಅದಕ್ಕೆ ಎಷ್ಟು ಹುಣಸೆಹಣ್ಣು" ಅಂತ ಪ್ರಾಣ ತಿಂತಿದ್ದೆ. ಅವಳು ವಾಟ್ಸಾಪಿನಲ್ಲಿ ಬರೆದು ಕಳಿಸ್ತಿದ್ದಳು. ಆ ಮೆಸೇಜುಗಳನ್ನೇ ಸೇರಿಸಿ 2017ರಲ್ಲಿ ಅವಳಿಗೊಂದು ಸೈಟ್ ಮಾಡಿಕೊಟ್ಟೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಅಪ್ಪೆಹುಳಿ, ತಂಬುಳಿ, ಪತ್ರೊಡೆ, ಕಳಲೆ ಪಲ್ಯದ ಜೊತೆಗೆ ಎಲ್ಲರೂ ಹುಡುಕುವ ಮೈಸೂರುಪಾಕು, ಮಸಾಲೆದೋಸೆ, ಮೆತ್ತಗಿನ ಚಪಾತಿ ಕೂಡ. ನಾಲ್ಕು ವರ್ಷ ಅವಳು ವಾರಕ್ಕೆ ಎರಡರಂತೆ ಬಿಡದೆ ಬರೆದಳು. ನಿಧಾನಕ್ಕೆ ಜನ ಬರತೊಡಗಿದರು, ಆಮೇಲೆ ಜಾಹೀರಾತಿನ ದುಡ್ಡು. ತಿಂಗಳಿಗೆ ಹನ್ನೆರಡು–ಹದಿನೈದು ಸಾವಿರ, ಚೌತಿ, ದೀಪಾವಳಿಯ ತಿಂಗಳಲ್ಲಿ ಇನ್ನೂ ಸ್ವಲ್ಪ ಜಾಸ್ತಿ.

ಬೆಂಗಳೂರಿನ ಲೆಕ್ಕದಲ್ಲಿ ಇದೇನು ದೊಡ್ಡ ಮೊತ್ತ ಅಂತ ಅನ್ನಿಸಬಹುದು. ಆದರೆ ಅಡಿಕೆ ಬೆಳೆಯೋ ಮನೆಯಲ್ಲಿ ದುಡ್ಡು ಬರೋದು ಕೊಯ್ಲು ಮುಗಿದು, ಅಡಿಕೆ ಮಂಡಿಗೆ ಹೋದಮೇಲೆ. ಅದು ಬರೋದು ಮನೆಯ ಯಜಮಾನರ ಕೈಗೆ. ತಿಂಗಳು ತಿಂಗಳು ತನ್ನದೇ ಖಾತೆಗೆ ಬಂದು ಬೀಳುವ ದುಡ್ಡು ಅಕ್ಕನ ಜೀವನದಲ್ಲಿ ಅದೇ ಮೊದಲು. ಮಗನ ಸ್ಕೂಲ್ ಫೀಸು, ಅಮ್ಮನ ಕಣ್ಣಿನ ಆಪರೇಷನ್ನಿಗೆ ಅವಳ ಪಾಲು, ಒಂದು ವಾಷಿಂಗ್ ಮೆಷಿನ್. ಯಾರನ್ನೂ ಕೇಳಬೇಕಾಗಿರಲಿಲ್ಲ.

ಒಂದು ನವರಾತ್ರಿಗೆ ಸ್ವಲ್ಪ ಮುಂಚೆ ಬೆಳಿಗ್ಗೆ ಏಳಕ್ಕೇ ಅಕ್ಕನ ಫೋನು. "ಎಂತಾಯ್ತೇ ಇದು? ಮೊನ್ನೆ ತನಕ ಇದ್ದ ಜನ ಎಲ್ಲಿ ಹೋದ್ರು?" ದಿನಕ್ಕೆ ಆರು ಸಾವಿರ ಜನ ಬರ್ತಿದ್ದ ಸೈಟಿಗೆ ಒಂದೇ ವಾರದಲ್ಲಿ ಎರಡು ಸಾವಿರಕ್ಕೂ ಕಡಿಮೆ. ಹುಡುಕಿದರೆ ಮೊದಲ ಪುಟದಲ್ಲಿ ಕಾಣ್ತಿದ್ದ ಅವಳ ಚಪಾತಿ ಈಗ ಮೂರನೇ ಪುಟದಲ್ಲಿ. ಮೂರನೇ ಪುಟಕ್ಕೆ ಯಾರು ಹೋಗ್ತಾರೆ ಹೇಳಿ? ಅಕ್ಕನ ಅತ್ತೆ, "ಸೈಟಿಗೆ ದೃಷ್ಟಿ ತಾಗಿರ್ಬೇಕು, ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕೇ" ಅಂದರಂತೆ. ಭಾವ ಮಾತ್ರ ಪಕ್ಕಾ ತೋಟದವರ ಮಾತು ಆಡಿದರು. "ಮೊದಲು ಎಂತ ರೋಗ ಅಂತ ನೋಡಿ, ಆಮೇಲೆ ಔಷಧಿ ಹೊಡೀರಿ. ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣವನ್ನ ಹಳದಿ ಎಲೆ ರೋಗಕ್ಕೆ ಹೊಡೆದ್ರೆ ಎಂತ ಉಪಯೋಗ?"

ನಾನು ಎಂಜಿನಿಯರಿಂಗ್ ಓದಿ ಆಫೀಸಿನಲ್ಲಿ ದಿನಾ ಮಾಡೋ ಕೆಲಸವೂ ಅದೇ. ಏನಾದರೂ ಕೆಟ್ಟರೆ ಮೊದಲು ಎಲ್ಲಿ ಕೆಟ್ಟಿದೆ ಅಂತ ಹುಡುಕೋದು. ಆ ಶನಿವಾರ ಊರಿಗೆ ಹೋಗಿ ಇಬ್ಬರೂ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ನಾವು ನೋಡಿದ ಕ್ರಮವನ್ನ ಇಲ್ಲಿ ಬರೀತೀನಿ. ನಿಮ್ಮಲ್ಲೂ ಹಲವರು ಸಣ್ಣದೊಂದು ಸೈಟ್ ಇಟ್ಟುಕೊಂಡಿರಬಹುದು. ಟ್ಯೂಷನ್ನಿನದು, ಹೋಮ್‌ಸ್ಟೇಯದು, ಸೀರೆ ವ್ಯಾಪಾರದ್ದು.

ಮೊದಲನೆಯದು, ಋತು. ಮಾವಿನ ಮಿಡಿ ಉಪ್ಪಿನಕಾಯಿ ಜೂನ್ ಕಳೆದಮೇಲೆ ಯಾರಿಗೂ ಬೇಡ. ಮೋದಕ ಚೌತಿಯ ಮಾರನೇ ದಿನ ಯಾರಿಗೂ ನೆನಪಿರಲ್ಲ. ಹಾಗಾಗಿ ಈ ವಾರವನ್ನ ಹೋದ ವಾರದ ಜೊತೆ ಹೋಲಿಸಬಾರದು, ಹೋದ ವರ್ಷದ ಇದೇ ದಿನಗಳ ಜೊತೆ ಹೋಲಿಸಬೇಕು. ಹಬ್ಬದ ದಿನ ಪ್ರತಿವರ್ಷ ಒಂದೇ ತಾರೀಕಿಗೆ ಬರಲ್ಲ ಅನ್ನೋದೂ ಲೆಕ್ಕದಲ್ಲಿರಬೇಕು. ನಾವು ಹೋಲಿಸಿದೆವು. ಇದು ಋತುವಿನ ಇಳಿತ ಅಲ್ಲ.

ಎರಡನೆಯದು, ಸೈಟ್ ತಾನೇ ಕೆಟ್ಟಿದೆಯಾ? ಸರ್ಚ್ ಎಂಜಿನ್ ಅಂದ್ರೆ ಮೂರು ಕೆಲಸ. ಒಂದು ಪ್ರೋಗ್ರಾಂ ಪುಟದಿಂದ ಪುಟಕ್ಕೆ ಹೋಗಿ ಓದಿಕೊಂಡು ಬರುತ್ತೆ. ಇನ್ನೊಂದು ಅದನ್ನೆಲ್ಲ ಪುಸ್ತಕದ ಹಿಂದಿನ ಪದಸೂಚಿಯ ಥರ ಜೋಡಿಸಿ ಇಡುತ್ತೆ. ಮತ್ತೊಂದು, ನಾವು ಏನಾದರೂ ಹುಡುಕಿದಾಗ ಯಾವುದು ಮೇಲೆ, ಯಾವುದು ಕೆಳಗೆ ಅಂತ ತೀರ್ಮಾನ ಮಾಡುತ್ತೆ. ಸೈಟಿನ ಒಂದು ಸೆಟ್ಟಿಂಗ್ ಆಚೀಚೆ ಆದರೆ ಮೊದಲ ಕೆಲಸವೇ ನಿಂತುಹೋಗಬಹುದು. ಆಗ ಪುಟಗಳು ಹುಡುಕಾಟದಿಂದಲೇ ಮಾಯ ಆಗುತ್ವೆ. ಅಕ್ಕನ ಪುಟಗಳೆಲ್ಲ ಸೂಚಿಯಲ್ಲಿ ಇದ್ದವು.

ಮೂರನೆಯದು, ದಂಡ ಬಿದ್ದಿದೆಯಾ? ನಿಯಮ ಮೀರಿದ ಸೈಟಿಗೆ ಸರ್ಚ್ ಕಂಪನಿಯ ನೌಕರರೇ ನೋಡಿ ಶಿಕ್ಷೆ ಕೊಡೋದುಂಟು. ಹಾಗಾದರೆ ಸೈಟ್ ಮಾಲೀಕರಿಗೆ ನೋಟಿಸ್ ಬರುತ್ತೆ, ಸರಿಪಡಿಸಿ ಮನವಿ ಹಾಕಬಹುದು. ಅಕ್ಕನಿಗೆ ಅಂಥ ನೋಟಿಸ್ ಯಾವುದೂ ಇರಲಿಲ್ಲ.

ನಾಲ್ಕನೆಯದು, ಮಾಲೀಕರಿಗೆ ಉಚಿತವಾಗಿ ಸಿಗುವ ವರದಿಯಲ್ಲಿ ಮೂರು ಸಂಖ್ಯೆ ಅಕ್ಕಪಕ್ಕ ಇಟ್ಟು ನೋಡೋದು. ಪುಟ ಎಷ್ಟು ಸಲ ಹುಡುಕಾಟದಲ್ಲಿ ಕಾಣಿಸಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಜಾಗದಲ್ಲಿತ್ತು. ಜಾಗ ಹಾಗೇ ಇದ್ದು ಒತ್ತುವವರು ಮಾತ್ರ ಕಡಿಮೆ ಆಗಿದ್ದರೆ, ಅದರ ಮೇಲೆ ಇನ್ನೇನೋ ಬಂದು ಕೂತಿದೆ ಅಂತ ಅರ್ಥ. ಜಾಹೀರಾತು, ವಿಡಿಯೋ, ಇಲ್ಲವೇ ಈಗಿನ ಎಐ ಬರೆದುಕೊಡುವ ಉತ್ತರ. ಜಾಗವೇ ಕುಸಿದಿದ್ದರೆ ಅದು ರ‍್ಯಾಂಕಿಂಗ್ ಬದಲಾವಣೆ. ಅಕ್ಕನದು ಎರಡನೇ ಥರ.

ರೋಗ ಗೊತ್ತಾಯ್ತು. ಔಷಧಿ?

ಇಲ್ಲಿ ಸ್ವಲ್ಪ ಇತಿಹಾಸ ಹೇಳಬೇಕು. ಹೀಗಾಗಿದ್ದು ನಮ್ಮಕ್ಕನಿಗೆ ಒಬ್ಬಳಿಗೇ ಅಲ್ಲ ಅಂತ ಗೊತ್ತಾದರೇ ಅರ್ಧ ಸಮಾಧಾನ. 2003ರ ನವೆಂಬರಿನಲ್ಲಿ ಗೂಗಲ್ ತನ್ನ ಲೆಕ್ಕಾಚಾರ ಬದಲಿಸಿದಾಗ ಕ್ರಿಸ್‌ಮಸ್ ವ್ಯಾಪಾರಕ್ಕೆ ಕಾದಿದ್ದ ಎಷ್ಟೋ ಸಣ್ಣ ಅಂಗಡಿಗಳ ಸೈಟುಗಳು ಕೆಳಕ್ಕೆ ಬಿದ್ದವು. ಆ ಬದಲಾವಣೆಗೆ 'ಫ್ಲಾರಿಡಾ' ಅಂತ ಹೆಸರು ಬಂತು. 2011ರ ಫೆಬ್ರುವರಿಯಲ್ಲಿ ಬಂದ 'ಪಾಂಡಾ' ಅಮೆರಿಕದ ಸುಮಾರು ಶೇ 12ರಷ್ಟು ಹುಡುಕಾಟಗಳ ಫಲಿತಾಂಶ ಬದಲಿಸಿತು. ಹೆಸರು ಕರಡಿಯಿಂದ ಬಂದಿದ್ದಲ್ಲ, ಅದನ್ನ ರೂಪಿಸಿದ ಎಂಜಿನಿಯರ್ ಒಬ್ಬರ ಹೆಸರದು. ಸಿಕ್ಕಿದ್ದನ್ನೆಲ್ಲ ಗೀಚಿ ಪುಟ ತುಂಬಿಸುತ್ತಿದ್ದ ಸೈಟುಗಳೇ ಅದರ ಗುರಿ. ಮರುವರ್ಷ ಏಪ್ರಿಲ್‌ನಲ್ಲಿ 'ಪೆಂಗ್ವಿನ್' ಬಂತು. ಕೊಂಡುಕೊಂಡ ಲಿಂಕುಗಳಿಂದ ಮೇಲೇರಿದವರನ್ನ ಅದು ಕೆಳಗಿಳಿಸಿತು. 2018ರ ಆಗಸ್ಟಿನ ಬದಲಾವಣೆಯಲ್ಲಿ ಆರೋಗ್ಯದ ಸೈಟುಗಳಿಗೆ ಹೆಚ್ಚು ಏಟು ಬಿತ್ತು ಅಂತ ಅದನ್ನ 'ಮೆಡಿಕ್' ಅಂದರು. 2024ರ ಮಾರ್ಚಿನಲ್ಲಿ ಶುರುವಾದ ಇನ್ನೊಂದು ಪೂರ್ತಿ ಜಾರಿಯಾಗೋಕೆ 45 ದಿನ ತಗೊಂಡಿತು. ಆ ದಿನಗಳಲ್ಲಿ ಒಂದು ಸೈಟ್ ಸೋಮವಾರ ಮೇಲೆ, ಗುರುವಾರ ಕೆಳಗೆ. ಸಣ್ಣಪುಟ್ಟ ಬದಲಾವಣೆಗಳಂತೂ ವರ್ಷಕ್ಕೆ ಸಾವಿರಾರು.

ಕೋರ್ಟಿಗೆ ಹೋದವರೂ ಇದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಚಿಕ್ಕ ಮಕ್ಕಳ ಅಪ್ಪ–ಅಮ್ಮಂದಿರಿಗಾಗಿ ಇದ್ದ 'ಕಿಂಡರ್‌ಸ್ಟಾರ್ಟ್' ಅನ್ನೋ ಸೈಟ್, ತನಗೆ ಬರುವ ಜನ ಶೇ 70ಕ್ಕಿಂತ ಹೆಚ್ಚು ಕಡಿಮೆ ಆದರು ಅಂತ 2006ರಲ್ಲಿ ಗೂಗಲ್ ಮೇಲೆ ದಾವೆ ಹಾಕಿತು. ಮರುವರ್ಷ ಕೋರ್ಟು ಅದನ್ನ ವಜಾ ಮಾಡಿತು. ಇಂಗ್ಲೆಂಡಿನ ರಾಫ್ ದಂಪತಿಯ ಕಥೆ ಬೇರೆ. ಗಂಡ ಹೆಂಡತಿ ಸೇರಿ ಕಟ್ಟಿದ ಬೆಲೆ ಹೋಲಿಸುವ ಸೈಟ್ 'ಫೌಂಡೆಮ್' 2006ರಲ್ಲಿ ಶುರುವಾದ ಎರಡೇ ದಿನಕ್ಕೆ ಗೂಗಲ್ ಹುಡುಕಾಟದಲ್ಲಿ ತಳಕ್ಕೆ ಹೋಯಿತು. ಅವರು 2009ರಲ್ಲಿ ಯುರೋಪಿಯನ್ ಆಯೋಗಕ್ಕೆ ದೂರು ಕೊಟ್ಟರು. 2017ರಲ್ಲಿ ಆಯೋಗ, ತನ್ನದೇ ಶಾಪಿಂಗ್ ಸೇವೆಯನ್ನ ಮೇಲೆ ತೋರಿಸಿದ್ದಕ್ಕೆ ಗೂಗಲ್‌ಗೆ 242 ಕೋಟಿ ಯೂರೋ ದಂಡ ಹಾಕಿತು. ಅಲ್ಲಿನ ಅತ್ಯುನ್ನತ ನ್ಯಾಯಾಲಯ 2024ರ ಸೆಪ್ಟೆಂಬರಿನಲ್ಲಿ ಅದನ್ನ ಎತ್ತಿಹಿಡೀತು. ಅಷ್ಟರಲ್ಲಿ ಫೌಂಡೆಮ್ ಬಾಗಿಲು ಹಾಕಿ ಎಂಟು ವರ್ಷ ಆಗಿತ್ತು. ನಮ್ಮ ದೇಶದಲ್ಲೂ ಭಾರತ್ ಮ್ಯಾಟ್ರಿಮೊನಿ ನಡೆಸುವ ಕಂಪನಿ ಮತ್ತು ಒಂದು ಗ್ರಾಹಕ ಸಂಘಟನೆಯ ದೂರಿನ ಮೇಲೆ 2018ರಲ್ಲಿ ಸ್ಪರ್ಧಾ ಆಯೋಗ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ಹಾಕಿದೆ.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳು ಕೇಳಿಸಿಕೊಂಡು, "ಹದಿನೆಂಟು ವರ್ಷ ಕೋರ್ಟಿಗೆ ಅಲೆಯೋಷ್ಟು ಪುರುಸೊತ್ತು ನಂಗೆಲ್ಲಿದೆ? ಹಾಲು ಕರೆಯೋರು ಯಾರು?" ಅಂದಳು.

ಅಕ್ಕನ ನಿಜವಾದ ನೋವು ದುಡ್ಡಿನದ್ದಲ್ಲ ಅಂತ ನನಗೆ ಗೊತ್ತಾಗಿದ್ದು ಅವತ್ತು ರಾತ್ರಿ. ಪಾತ್ರೆ ತೊಳೀತಾ, ನನ್ನ ಕಡೆ ನೋಡದೆ, "ನನ್ನ ಅಡುಗೆ ಚೆನ್ನಾಗಿಲ್ಲ ಅಂತ ಆಯ್ತಲ್ಲೇ ಇದು?" ಅಂದಳು. ನಾಲ್ಕು ವರ್ಷ ಮೇಲೆ ಹತ್ತುವಾಗ ಆ ನಂಬರನ್ನ ಮೆಚ್ಚುಗೆ ಅಂತ ತಗೊಂಡಿದ್ದಳು. ಈಗ ಇಳಿದಾಗ ಅದನ್ನೇ ಬೈಗುಳ ಅಂತ ತಗೊಂಡಳು. ಮನೆಯಲ್ಲಿ ಯಾರೂ ದಿನಾ ಕೂತು 'ಸಾರು ಚೆನ್ನಾಗಿದೆ' ಅಂತ ಹೇಳಲ್ಲ. ಆ ಮಾತು ಹೇಳ್ತಿದ್ದದ್ದು ಆ ನಂಬರು ಒಂದೇ.

ನಾನು ಗೊತ್ತಿರೋ ಹಾಗೆ ಬಿಡಿಸಿ ಹೇಳಿದೆ. ಗೂಗಲ್ ಕಂಪನಿಯೇ 2019ರಲ್ಲಿ ಸೈಟ್ ಮಾಲೀಕರಿಗೆ ಒಂದು ಉದಾಹರಣೆ ಕೊಟ್ಟಿತ್ತು. 2015ರಲ್ಲಿ ನೀವು ನೂರು ಒಳ್ಳೆ ಸಿನಿಮಾಗಳ ಪಟ್ಟಿ ಮಾಡಿದ್ದೀರಿ ಅಂದ್ಕೊಳ್ಳಿ. ಕೆಲವು ವರ್ಷ ಬಿಟ್ಟು ಪಟ್ಟಿ ಮತ್ತೆ ಮಾಡಿದರೆ ಹೊಸವು ಸೇರುತ್ವೆ, ಕೆಲವು ಹಳೇವು ಮೇಲೇರುತ್ವೆ, ಕೆಲವು ಕೆಳಗಿಳಿಯುತ್ವೆ. ಇಳಿದ ಸಿನಿಮಾ ಕೆಟ್ಟದ್ದೇನಲ್ಲ. ಅಕ್ಕ ತಲೆ ಅಲ್ಲಾಡಿಸಿದಳು. ಆದರೆ ಸಮಾಧಾನ ಆಗಲಿಲ್ಲ ಅಂತ ಮುಖ ನೋಡಿದರೇ ಗೊತ್ತಾಗ್ತಿತ್ತು. ಎರಡು ತಿಂಗಳು ಒಂದು ಸಾಲೂ ಬರೀಲಿಲ್ಲ.

ಈ ಮಧ್ಯೆ ಫೋನುಗಳು ಬರೋಕೆ ಶುರುವಾದವು. "ಮೇಡಂ, ಒಂದೇ ತಿಂಗಳಲ್ಲಿ ಫಸ್ಟ್ ಪೇಜ್ ಗ್ಯಾರಂಟಿ, ಇಪ್ಪತ್ತೈದು ಸಾವಿರ ಅಷ್ಟೇ." ಸಂಕಟದಲ್ಲಿರುವವರ ವಾಸನೆ ಇವರಿಗೆ ಹೇಗೆ ಬಡಿಯುತ್ತೋ. ಮೊದಲ ಜಾಗದ ಗ್ಯಾರಂಟಿ ಯಾರೂ ಕೊಡೋಕಾಗಲ್ಲ ಅಂತ ಗೂಗಲ್ ತನ್ನ ಸೂಚನೆಗಳಲ್ಲೇ ಬರೆದಿದೆ. ಇಂಥವರು ಸಾಮಾನ್ಯವಾಗಿ ಮಾಡೋದು ಎಲ್ಲೆಲ್ಲಿಂದಲೋ ಲಿಂಕು ಕೊಂಡು ಅಂಟಿಸೋದು. ಅಮೆರಿಕದ ದೊಡ್ಡ ಬಟ್ಟೆ ಮಳಿಗೆ ಜೆಸಿ ಪೆನ್ನಿಯ ಹೆಸರಿನಲ್ಲಿ ಇದೇ ಕೆಲಸ ನಡೆದಿದ್ದು 2011ರಲ್ಲಿ ಪತ್ರಿಕೆಯಲ್ಲಿ ಬಯಲಾಗಿ, ಅದರ ಪುಟಗಳನ್ನ ಗೂಗಲ್ ಕೆಳಕ್ಕೆ ತಳ್ಳಿತು. ಅಷ್ಟು ದೊಡ್ಡವರಿಗೇ ಹಾಗಾದರೆ ಅಕ್ಕನಂಥವರ ಗತಿ? ಒಬ್ಬ ತುಂಬಾ ಒತ್ತಾಯ ಮಾಡಿದಾಗ ಅಕ್ಕ, "ನೀವು ಅಪ್ಪೆಹುಳಿ ಕುಡಿದಿದ್ದೀರಾ?" ಅಂತ ಕೇಳಿದಳಂತೆ. ಅವನು ಫೋನ್ ಇಟ್ಟ.

ಅವಳನ್ನ ಮತ್ತೆ ಬರೆಯೋಕೆ ಕೂರಿಸಿದ್ದು ನನ್ನ ವಿವರಣೆ ಅಲ್ಲ, ಮಸ್ಕತ್‌ನಿಂದ ಬಂದ ಒಂದು ಮೇಲ್. ಸಾಗರದ ಕಡೆಯ ಹೆಣ್ಣುಮಗಳು, ಹೆರಿಗೆ ಆಗಿ ಹದಿನೈದು ದಿನ. ಅಮ್ಮನಿಗೆ ವೀಸಾ ಸಿಗದೆ ಬರೋಕಾಗಿರಲಿಲ್ಲ. ಬಾಣಂತಿಗೆ ಅಕ್ಕ ಬರೆದಿದ್ದ ಮೆಣಸಿನ ಸಾರು, ಬೆಳ್ಳುಳ್ಳಿ ಗೊಜ್ಜು ಹಿಂದೊಮ್ಮೆ ಓದಿದ್ದ ನೆನಪು. "ಎಷ್ಟು ಹುಡುಕಿದರೂ ನಿಮ್ಮ ಪುಟ ಸಿಗ್ತಾ ಇಲ್ಲ ಮೇಡಂ, ಸೈಟ್ ನಿಲ್ಲಿಸಿಬಿಟ್ರಾ?" ಅಂತ ಬರೆದಿದ್ದಳು. ಅಕ್ಕ ಅವತ್ತೇ ಉತ್ತರ ಬರೆದಳು. ಆಮೇಲೆ ನನಗೆ ಫೋನ್ ಮಾಡಿ, "ನಾನು ಇದ್ದೀನಿ ಅಂತ ಅವಳಿಗೆ ಗೊತ್ತಾಗೋದಾದ್ರೂ ಹೇಗೆ ಮಾರಾಯ್ತಿ?" ಅಂತ ಕೇಳಿದಳು. ಅಲ್ಲಿಯ ತನಕ ಕಳಕೊಂಡವಳು ತಾನೊಬ್ಬಳೇ ಅಂದ್ಕೊಂಡಿದ್ದಳು. ಆ ಕಡೆ ಹುಡುಕುವವರೂ ಕಳಕೊಂಡಿದ್ದರು.

ಆಮೇಲೆ ನಾವು ವರದಿಯನ್ನ ಇನ್ನೊಂದು ಸಲ ನೋಡಿದೆವು, ಈ ಸಲ ಒಂದೊಂದೇ ಪುಟವಾಗಿ. ಬಿದ್ದದ್ದು ಚಪಾತಿ, ಮೈಸೂರುಪಾಕು, ಮಸಾಲೆದೋಸೆ. ಸಾವಿರಾರು ಸೈಟುಗಳಲ್ಲಿ ಇರುವಂಥವು. ಕಳಲೆ, ಪತ್ರೊಡೆ, ಅಪ್ಪೆಹುಳಿ ಇದ್ದಲ್ಲೇ ಇದ್ದವು. ಕಳಲೆಯ ಪುಟದಲ್ಲಿ ಅವಳು ಹೆಚ್ಚಿದ ಕಳಲೆಯನ್ನ ದಿನಾ ನೀರು ಬದಲಿಸಿ ನೆನೆಸುವ ಫೋಟೋಗಳನ್ನ ಒಂದೊಂದು ದಿನದ್ದೂ ಹಾಕಿದ್ದಳು. ಹಾಗೆ ನೆನೆಸದಿದ್ದರೆ ಕಹಿ ಮಾತ್ರ ಅಲ್ಲ, ನಂಜಿನ ಅಂಶವೂ ಉಳಿಯುತ್ತೆ. ಕೈಯಾರೆ ಮಾಡಿದವರಿಗೆ ಮಾತ್ರ ಬರೆಯೋಕಾಗುವಂಥ ಪುಟ ಅದು. ಪುಟಗಳ ಗುಣಮಟ್ಟ ಅಳೆಯುವವರಿಗೆ ಗೂಗಲ್ ಕೊಡುವ ಸೂಚನೆಯಲ್ಲಿ ಪರಿಣತಿ, ವಿಶ್ವಾಸಗಳ ಜೊತೆ 'ಅನುಭವ'ವನ್ನೂ 2022ರ ಡಿಸೆಂಬರಿನಲ್ಲಿ ಸೇರಿಸಿದ್ದಾರೆ.

ಆದರೆ ಇದನ್ನ ನೀತಿಕಥೆ ಮಾಡೋಕಾಗಲ್ಲ. ಕಳಲೆ ಹುಡುಕುವವರು ದಿನಕ್ಕೆ ನಲವತ್ತು ಜನ, ಚಪಾತಿ ಹುಡುಕುವವರು ಸಾವಿರ. ಅಕ್ಕನಿಗೆ ಮಾತ್ರ ಗೊತ್ತಿರೋದು ಉಳೀತು, ಮನೆ ನಡೆಸ್ತಿದ್ದದ್ದು ಹೋಯಿತು. ಎರಡೂ ನಿಜ.

ಇಲ್ಲಿ ಮತ್ತೆ ಭಾವನ ಮಾತು ಉಪಯೋಗಕ್ಕೆ ಬಂತು. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸ್ತಾರೆ, ಮಧ್ಯೆ ಬಾಳೆ, ಏಲಕ್ಕಿ ಹಾಕ್ತಾರೆ. ಅಡಿಕೆ ದರ ಬಿದ್ದ ವರ್ಷ ಮೆಣಸು ಕೈಹಿಡಿಯಲಿ ಅಂತ. "ನಿಂದು ಬರೀ ಅಡಿಕೆ ಆಗಿತ್ತು" ಅಂದರು ಅಕ್ಕನಿಗೆ. ಅವಳು ಮೂರು ಕೆಲಸ ಮಾಡಿದಳು. ಓದುಗರ ಮೇಲ್ ವಿಳಾಸ ಸೇರಿಸಿ ತಿಂಗಳಿಗೊಂದು ಪತ್ರ ಬರೆಯೋಕೆ ಶುರುಮಾಡಿದಳು. ಮೊದಲು ಅರವತ್ತು ಜನ, ಈಗ ಒಂದು ಸಾವಿರದ ಹತ್ತಿರ. ಆ ಪತ್ರ ತಲುಪೋಕೆ ಯಾವ ಪಟ್ಟಿಯಲ್ಲೂ ಮೇಲಿರಬೇಕಾಗಿಲ್ಲ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಮಾವಿನ ಕಾಲದಲ್ಲಿ ಮಿಡಿ ಉಪ್ಪಿನಕಾಯಿ ಹಾಕಿ ಅದೇ ಓದುಗರಿಗೆ ಕಳಿಸ್ತಾಳೆ. ಇನ್ನು ಬೇರೆಲ್ಲೂ ಇಲ್ಲದ ಮನೆ ಅಡುಗೆಯನ್ನ, ಅತ್ತೆಯನ್ನ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ಕೇಳಿ ಬರೀತಾಳೆ. ದೃಷ್ಟಿ ತೆಗೆಯೋಕೆ ಹೇಳಿದ ಅತ್ತೆಯೇ ಈಗ "ಇವತ್ತು ಎಷ್ಟು ಜನ ನೋಡಿದ್ರು?" ಅಂತ ಕೇಳ್ತಾರೆ.

ಹಳೇ ಪುಟಗಳನ್ನ ಗಾಬರಿಯಲ್ಲಿ ಅಳಿಸಲಿಲ್ಲ, ಸೈಟಿನ ಹೆಸರು, ವಿಳಾಸ ಬದಲಿಸಲಿಲ್ಲ. ಏಳೆಂಟು ತಿಂಗಳ ನಂತರ ಇನ್ನೊಂದು ದೊಡ್ಡ ಬದಲಾವಣೆ ಬಂದಾಗ ಕೆಲವು ಪುಟಗಳು ತಾವಾಗೇ ಮೇಲೆ ಬಂದವು. ಯಾಕೆ ಬಂದವು ಅಂತ ಹೇಳುವವರು ಯಾರೂ ಇಲ್ಲ, ಯಾಕೆ ಹೋದವು ಅಂತಲೂ ಯಾರೂ ಹೇಳಿರಲಿಲ್ಲ. ಇವತ್ತಿಗೆ ಮೊದಲಿದ್ದ ಜನರಲ್ಲಿ ಅರ್ಧದಷ್ಟು ಬರ್ತಾರೆ. ಜಾಹೀರಾತಿನಿಂದ ತಿಂಗಳಿಗೆ ಏಳು ಸಾವಿರ. ಉಪ್ಪಿನಕಾಯಿ ಸೇರಿದರೆ ವರ್ಷದ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತೆ, ಆದರೆ ಕೆಲಸ ಎರಡು ಪಟ್ಟು. ಸೊಂಟನೋವು ಬೇರೆ ಬಂದಿದೆ.

ಓದುಗರಲ್ಲಿ ನನ್ನದೊಂದು ವಿನಂತಿ. ನಿಮಗೆ ಉಪಯೋಗಕ್ಕೆ ಬಂದ ಕನ್ನಡದ ಸಣ್ಣ ಸೈಟ್ ಯಾವುದಾದರೂ ಇದ್ದರೆ, ಪ್ರತಿಸಲ ಹುಡುಕಿಯೇ ಹೋಗಬೇಡಿ. ಅದರ ಹೆಸರು ನೆನಪಿಟ್ಟುಕೊಳ್ಳಿ, ಫೋನಿನಲ್ಲಿ ಬುಕ್‌ಮಾರ್ಕ್ ಮಾಡಿ, ನೇರವಾಗಿ ಹೋಗಿ. ಅಡುಗೆ ಮಾಡಿ ನೋಡಿ ಚೆನ್ನಾಗಿ ಬಂದರೆ ಎರಡು ಸಾಲು ಬರೆದು ತಿಳಿಸಿ. ಹಳೇ ರಸ್ತೆಯಲ್ಲಿ ವಡೆ ಇನ್ನೂ ಬಿಸಿಯಾಗೇ ಸಿಗುತ್ತೆ. ನಾವು ಒಂದು ಕಡೆ ಎಡಕ್ಕೆ ತಿರುಗಬೇಕು, ಅಷ್ಟೇ.